ಕೊಕ್ಕರೆ ಬೆಳ್ಳೂರು ಪ್ರವಾಸಕ್ಕೆ ಮೊಬೈಲ್ ಯಾಕೆ ಬೇಡ: ಎಂಟನೇ ತರಗತಿ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿ ಮಕ್ಕಳು ಮಂಡ್ಯ ಜಿಲ್ಲೆಯ ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದ ದಿನ ಬಸ್ಸು ಪಂಕ್ಚರ್ ಆಗಿ ತಡವಾಯಿತು. ಮಕ್ಕಳ ಕೈಲಿ ಮೊಬೈಲ್ ಇರಲಿಲ್ಲ ಅಂತ ಕೆಲವು ಪೋಷಕರು ಬೇಜಾರು ಮಾಡಿಕೊಂಡರು. ಜೊತೆಗಿದ್ದ ಮೇಡಂ ಕೂಡಲೇ ಗ್ರೂಪಿಗೆ ಮೆಸೇಜ್ ಹಾಕಿದ್ದರು. ಆದರೂ ಮಗುವಿನ ದನಿ ಕೇಳಿದರೇ ಸಮಾಧಾನ, ಅಲ್ವಾ?

ಹಾಗಿದ್ದರೂ ಎಂಟನೇ ತರಗತಿಯವರಿಗೂ ಮೊಬೈಲ್ ಬೇಡ ಎಂದೇ ಹೇಳುತ್ತಿದ್ದೇನೆ.

ಯಾಕೆಂದರೆ ಇದು ಪಕ್ಷಿಧಾಮಕ್ಕೆ ಹೋದ ಹಾಗಲ್ಲ. ರಂಗನತಿಟ್ಟು ಪಕ್ಷಿಧಾಮದಲ್ಲಿ ಹಕ್ಕಿಗಳು ಕಾವೇರಿಯ ನಡುಗಡ್ಡೆಗಳಲ್ಲಿ, ನಾವು ದೋಣಿಯಲ್ಲಿ. ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರವರ ಹಿತ್ತಲಿನ ಹುಣಸೆ ಮರದಲ್ಲಿ. ಗೂಡಿರುವ ಮರದ ಹಣ್ಣನ್ನು ಮನೆಯವರು ಬಡಿಯುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ, ನಿಜ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಆದರೆ ಅದಕ್ಕೂ ಎಷ್ಟೋ ಮೊದಲಿನಿಂದ ಹಕ್ಕಿಗಳನ್ನು ಕಾದವರು ಈ ಮನೆಗಳವರೇ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ.

ಅಂಥ ಹಿತ್ತಲಿಗೆ ಬಸ್ಸು ತುಂಬ ಮಕ್ಕಳು ಮೊಬೈಲ್ ಹಿಡಿದು ನುಗ್ಗಿದರೆ ಹೇಗೆ? ಅಲ್ಲಿ ಯಾರೋ ಪಾತ್ರೆ ತೊಳೆಯುತ್ತಿರುತ್ತಾರೆ, ಅಜ್ಜಿ ಜಗುಲಿ ಮೇಲೆ ಕೂತಿರುತ್ತಾರೆ. ಅವರನ್ನು ಕೇಳದೆ ಫೋಟೋ ತೆಗೆಯುವುದು ಸರಿಯಲ್ಲ. ಗದ್ದಲಕ್ಕೆ ದೊಡ್ಡ ಹಕ್ಕಿ ಬೆದರಿ ಎದ್ದರೆ ಮರಿ ಕೆಳಗೆ ಬೀಳಬಹುದು. ಹಾಗೆ ಬಿದ್ದ ಮರಿಗಳನ್ನು ಊರಿನ ‘ಹೆಜ್ಜಾರ್ಲೆ ಬಳಗ’ ಎಂಬ ಗುಂಪಿನವರು ಸಾಕಿ ಬಿಡುತ್ತಾರೆ. ಅವರಿಗೆ ನಾವು ಕೆಲಸ ಜಾಸ್ತಿ ಮಾಡಬಾರದು.

ಕಳೆದ ಸಲ ಕೈ ಖಾಲಿ ಇದ್ದದ್ದಕ್ಕೇ ಮಕ್ಕಳು ಒಂದೇ ಮರದ ಕೆಳಗೆ ಬಹಳ ಹೊತ್ತು ಸುಮ್ಮನೆ ನಿಂತರು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ಕಣ್ಣಾರೆ ನೋಡಿದರು. ವಾಪಸ್ ಬರುವಾಗ ಬಸ್ಸಿನಲ್ಲೆಲ್ಲ ಅದೇ ಮಾತು.

ಯೂನಿಫಾರ್ಮ್ ಮೇಲೆ ಹಿಕ್ಕೆ ಬಿತ್ತು ಅಂತಲೂ ಒಬ್ಬರು ಹೇಳಿದರು. ಬೀಳುತ್ತದೆ. ಊರವರು ಅದನ್ನೇ ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಈ ಸಲ ಹಳೇ ಬಟ್ಟೆ, ಟೋಪಿ ಹಾಕಿ ಕಳಿಸಿ.

ನಿಮ್ಮ ಗಾಬರಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಜೊತೆಗೆ ಬರುವ ಶಿಕ್ಷಕರ ನಂಬರುಗಳು ಚೀಟಿಯಲ್ಲಿವೆ. ಯಾವಾಗ ಬೇಕಾದರೂ ಫೋನ್ ಮಾಡಿ, ಮಗುವಿನ ಕೈಗೇ ಕೊಡುತ್ತಾರೆ. ಊರು ತಲುಪಿದಾಗ, ಅಲ್ಲಿಂದ ಹೊರಟಾಗ, ಮಂಡ್ಯ ದಾಟಿದಾಗ ಮೆಸೇಜ್ ಬರುತ್ತದೆ. ಬ್ಯಾಗಿನಲ್ಲಿ ಮೊಬೈಲ್ ಸಿಕ್ಕರೆ ಮಾತ್ರ ಸಂಜೆವರೆಗೆ ಶಿಕ್ಷಕರ ಹತ್ತಿರ ಇರುತ್ತದೆ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಮೈಸೂರು