ಜೋಡಿ ಕಲಿಕೆಯ ಸುತ್ತೋಲೆಗೆ ಮೊದಲು ಒಂದು ಅಳತೆ ಆಗಲಿ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕಳೆದ ವರ್ಷ ನಮ್ಮ ಭಾಗದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳು ಐದನೇ ತರಗತಿಯವರಿಗೆ ವಾರಕ್ಕೆ ಮೂರು ದಿನ, ಕೊನೆಯ ಪಿರಿಯಡ್‌ನಲ್ಲಿ ಲೆಕ್ಕ ಹೇಳಿಕೊಡುವ ‘ಜೋಡಿ ಕಲಿಕೆ’ಯ ಏರ್ಪಾಡು ನಡೆಯಿತು, ನಾನೂ ಜೊತೆಗಿದ್ದೆ. ವರ್ಷದ ಕೊನೆಗೆ ಭರ್ತಿ ಮಾಡಿ ಕಳಿಸಬೇಕಾದ ನಮೂನೆಯಲ್ಲಿ ಜೋಡಿಗಳ ಸಂಖ್ಯೆ, ನಡೆದ ತರಗತಿಗಳ ಸಂಖ್ಯೆ ಮತ್ತು ಎರಡು ಫೋಟೊಗಳಿಗೆ ಜಾಗವಿತ್ತು. ಮಕ್ಕಳು ಕಲಿತರೇ ಎಂದು ಕೇಳುವ ಒಂದು ಕಾಲಂ ಇರಲಿಲ್ಲ. ಇಂಥ ನಮೂನೆಗಳನ್ನೇ ಕೂಡಿಸಿ ‘ಯಶಸ್ವಿ’ ಎಂದು ಷರಾ ಬರೆದು, ಎಲ್ಲ ಶಾಲೆಗಳಿಗೂ ಸುತ್ತೋಲೆ ಹೊರಡಬಾರದೆಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ, ಅದು ನಮಗೆ ಹೊಸದೂ ಅಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಜಿಲ್ಲೆಯ 533 ಶಾಲೆಗಳ ಕುರಿತು ಬರೆದ ವರದಿಯಲ್ಲಿ, ಮುಂದಿರುವ ಮಕ್ಕಳು ಹಿಂದಿರುವವರಿಗೆ ಹೇಳಿಕೊಡುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಕ್ರಮವನ್ನು ಮನಸಾರೆ ಮೆಚ್ಚಿದ್ದರು. ಅದೇ ವರದಿಯಲ್ಲಿ, ಹುಡುಗರು ಒಪ್ಪಿಸುವ ಪದ್ಯಗಳ ಅರ್ಥ ಗಿಳಿಗೆ ತಿಳಿದದ್ದಕ್ಕಿಂತ ಹೆಚ್ಚೇನೂ ಅವರಿಗೆ ತಿಳಿದಿಲ್ಲವೆಂದೂ ಬರೆದರು. ಕಲಿಸುವ ಕ್ರಮ ಒಳ್ಳೆಯದಾಗಿದ್ದರೂ ಕಲಿಕೆ ಆಗದಿರಬಹುದೆಂಬುದನ್ನು ಆ ಅಧಿಕಾರಿ ಇನ್ನೂರು ವರ್ಷಗಳ ಹಿಂದೆಯೇ ಗಮನಿಸಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಕ್ರಮದಲ್ಲೂ ಸಹಪಾಠಿಗಳ ನೆರವಿಗೆ ಪ್ರತ್ಯೇಕ ಸ್ಥಾನವಿದೆ.

ನಮ್ಮ ಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಐದನೇ ತರಗತಿಯ ಹುಡುಗನೊಬ್ಬ 52ರಲ್ಲಿ 27 ಕಳೆದು 35 ಎಂದು ಬರೆಯುತ್ತಿದ್ದ. ಎರಡರಲ್ಲಿ ಏಳು ಹೋಗದ ಕಾರಣ ಏಳರಲ್ಲೇ ಎರಡನ್ನು ಕಳೆದುಬಿಡುತ್ತಿದ್ದ. ಅವನ ಜೋಡಿಯ ಹುಡುಗಿ ಪೊರಕೆ ಕಡ್ಡಿಗಳನ್ನು ಹತ್ತತ್ತರ ಐದು ಕಟ್ಟು ಕಟ್ಟಿ, ಬಿಡಿಯಾಗಿ ಎರಡು ಕಡ್ಡಿಯಿಟ್ಟು, ‘ಈಗ ನಂಗೆ ಏಳು ಕೊಡು’ ಎಂದಳು. ಅವನು ಎರಡು ಕೊಟ್ಟು ಸುಮ್ಮನೆ ಕುಳಿತ. ಅವಳೂ ಸುಮ್ಮನಿದ್ದಳು. (ಆ ಮೌನವನ್ನು ತಾಳಿಕೊಳ್ಳುವುದು ನನಗೆ ಮೂವತ್ತು ವರ್ಷದ ನೌಕರಿಯಲ್ಲೂ ಪೂರ್ತಿ ಸಾಧ್ಯವಾಗಿರಲಿಲ್ಲ.) ಸ್ವಲ್ಪ ಹೊತ್ತಿಗೆ ಅವನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದ. ಪಕ್ಕದ ಜೋಡಿಯಲ್ಲಿ ದೊಡ್ಡ ಹುಡುಗ ಚಿಕ್ಕವನ ನೋಟ್‌ಬುಕ್ಕಿನಲ್ಲಿ ತಾನೇ ಎಲ್ಲ ಲೆಕ್ಕಗಳನ್ನೂ ಮುದ್ದಾಗಿ ಮಾಡಿಕೊಡುತ್ತಿದ್ದ, ಚಿಕ್ಕವನು ಕಿಟಕಿಯಾಚೆ ನೋಡುತ್ತಿದ್ದ. ತಪಾಸಣೆಯ ದಿನ ‘ಉತ್ತಮ’ ಎಂಬ ಷರಾ ಬಿದ್ದದ್ದು ಈ ಎರಡನೆಯ ನೋಟ್‌ಬುಕ್ಕಿಗೆ.

ಹೊರಗಿನ ಅನುಭವವೂ ಇಷ್ಟೇ ಮಿಶ್ರವಾಗಿದೆ. 1982ರಲ್ಲಿ ಅಮೆರಿಕದ ಸಂಶೋಧಕರು 65 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಲಿತವರಿಗೂ ಕಲಿಸಿದವರಿಗೂ ಲಾಭ ಕಂಡಿತ್ತು. ಆದರೆ ಇಂಗ್ಲೆಂಡಿನ 82 ಪ್ರಾಥಮಿಕ ಶಾಲೆಗಳಲ್ಲಿ ಗಣಿತದ ಜೋಡಿ ಕಲಿಕೆಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೆಚ್ಚುವರಿ ಪ್ರಗತಿ ಕಾಣಲಿಲ್ಲ. ಅಲ್ಲಿ ಜೋಡಿ ಕಲಿಕೆ ನಡೆದ ಶಾಲೆಗಳನ್ನು ನಡೆಯದ ಶಾಲೆಗಳೊಂದಿಗೆ ಹೋಲಿಸಿ ನೋಡಿದ್ದರಿಂದಲೇ ಇದು ತಿಳಿಯಿತು.

ಹೋಲಿಕೆ ಏಕೆ ಬೇಕೆಂದರೆ, ಮೊದಲ ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದವರನ್ನೇ ಆರಿಸಿದಾಗ, ಅವರಲ್ಲಿ ಅಂದು ಜ್ವರದಲ್ಲಿ ಬರೆದವರೂ ಹಿಂದಿನ ವಾರ ಊರಿನ ಜಾತ್ರೆಗೆಂದು ಗೈರಾದವರೂ ಸೇರಿರುತ್ತಾರೆ, ಯಾರೂ ಏನೂ ಹೇಳಿಕೊಡದಿದ್ದರೂ ಎರಡನೇ ಪರೀಕ್ಷೆಯಲ್ಲಿ ಅವರ ಸರಾಸರಿ ಅಂಕ ಸಾಮಾನ್ಯವಾಗಿ ಒಂದಿಷ್ಟು ಏರುತ್ತದೆ. ಆದ್ದರಿಂದ ಕೆಲವು ಕ್ಲಸ್ಟರ್‌ಗಳನ್ನು (ಅಕ್ಕಪಕ್ಕದ ಶಾಲೆಗಳ ಗುಂಪುಗಳನ್ನು) ಆಯ್ದು, ಚೀಟಿ ಎತ್ತಿ ಅರ್ಧ ಶಾಲೆಗಳಲ್ಲಿ ಈ ವರ್ಷ, ಉಳಿದರ್ಧದಲ್ಲಿ ಮುಂದಿನ ವರ್ಷ ಆರಂಭಿಸಿದರೆ ಯಾರಿಗೂ ಅನ್ಯಾಯವಾಗದೆ ಹೋಲಿಕೆ ಸಿಗುತ್ತದೆ. ಆರಂಭದ ಅಳತೆಗೆ, ಶಾಲಾ ವರ್ಷದ ಮೊದಲಲ್ಲಿ ಹಿಂದಿನ ಪಾಠಗಳನ್ನು ನೆನಪಿಸುವ ಸೇತುಬಂಧ ಕಾರ್ಯಕ್ರಮದ ಪೂರ್ವ ಪರೀಕ್ಷೆ ಹೇಗೂ ಇದೆ. ಕೊನೆಯ ಉತ್ತರ ಪತ್ರಿಕೆಗಳನ್ನು ಮಾತ್ರ ಬೇರೆ ಶಾಲೆಯ ಶಿಕ್ಷಕರು ತಿದ್ದಬೇಕು. ಅಂದು ಗೈರಾದ ಮಕ್ಕಳನ್ನು ಲೆಕ್ಕದಿಂದ ಬಿಡದೆ ಮರುದಿನ ಬರೆಸಬೇಕು.

ಕಲಿಸುವ ಮಗುವಿನ ಪ್ರಗತಿಯನ್ನೂ ಇದೇ ಬಗೆಯಲ್ಲಿ ಅಳೆಯಬೇಕೆಂಬುದು ನನ್ನ ಮುಖ್ಯ ವಿನಂತಿ. ಕಡ್ಡಿ ಕಟ್ಟಿದ ಆ ಹುಡುಗಿ ಡಿಸೆಂಬರ್‌ನಲ್ಲಿ ನನ್ನ ಬಳಿ ಬಂದು, ‘ಸಾರ್, ನಂಗೆ ಭಿನ್ನರಾಶಿ ಯಾರು ಹೇಳಿಕೊಡ್ತಾರೆ?’ ಎಂದು ಕೇಳಿದಳು. ಅವಳು ಬಿಟ್ಟುಕೊಟ್ಟಿದ್ದ ಆ ಕೊನೆಯ ಪಿರಿಯಡ್ ವಾರದಲ್ಲಿ ಎರಡು ದಿನ ಆಟದ್ದಾಗಿತ್ತು, ಒಂದು ದಿನ ಗಣಿತದ್ದು. ಶಿಕ್ಷಕರ ಖಾಲಿ ಹುದ್ದೆಯ ಭಾರ ಹೀಗೆ ಸದ್ದಿಲ್ಲದೆ ಹನ್ನೆರಡು ವರ್ಷದ ಮಕ್ಕಳ ಹೆಗಲಿಗೆ ಜಾರುತ್ತಿದೆಯೇ ಎಂಬುದನ್ನು ಯಾವ ನಮೂನೆಯೂ ಕೇಳುವುದಿಲ್ಲ.

ಶಾಲೆ ತೆರೆಯುವ ಮೊದಲೇ ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯಿಂದ ಎರಡೂ ತರಗತಿಗಳಿಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸಿ, ಫಲಿತಾಂಶ ಯಾವ ಕಡೆ ಬಂದರೂ ಪ್ರಕಟಿಸುವಂತೆ ಆದೇಶಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ರಾಜ್ಯವ್ಯಾಪಿ ಸುತ್ತೋಲೆಯನ್ನು ತಡೆಹಿಡಿಯಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ