ಪೈಥಾನ್ ಪುಸ್ತಕ ಯಾವ ಕಾಲದ್ದು, ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ನಾನು ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರ. ವಯಸ್ಸು ಐವತ್ತು ದಾಟಿದೆ. ಕುಯ್ಲಿನ ಸಮಯದಲ್ಲಿ ಯಾರು ಎಷ್ಟು ಕೆ.ಜಿ. ಕುಯ್ದರು, ಎಷ್ಟು ಮುಂಗಡ ತೆಗೆದುಕೊಂಡರು ಅನ್ನೋ ಲೆಕ್ಕವನ್ನು ನಾನೇ ಕಂಪ್ಯೂಟರಿನಲ್ಲಿ ಮಾಡಿಕೊಳ್ಳೋಣ ಅಂತ ಈ ಸಲ ಕಕ್ಕಡ ತಿಂಗಳ ಮಳೆಯಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತೆ.

ಹತ್ತಿರದ ಒಂದು ಗ್ರಂಥಾಲಯದಿಂದ ದಪ್ಪ ಪುಸ್ತಕ ತಂದೆ. ಮೊದಲ ಪಾಠದಲ್ಲೇ ಪ್ರಿಂಟ್ ಅಂತ ಟೈಪ್ ಮಾಡಿ, ಪಕ್ಕದಲ್ಲಿ ಕೋಟ್ ಚಿಹ್ನೆಯೊಳಗೆ ನಿಮ್ಮ ಹೆಸರು ಹಾಕಿ ಎಂದಿತ್ತು. ಹಾಕಿದೆ. ಎಂಟರ್ ಒತ್ತಿದ ಕೂಡಲೇ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅಂತ! ಸ್ಪೆಲ್ಲಿಂಗ್ ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ನನ್ನ ತಲೆಗೇ ಇದು ಹತ್ತಲ್ಲ ಅಂತ ಎರಡು ಸಂಜೆ ಸುಮ್ನೆ ಬೇಜಾರು ಮಾಡಿಕೊಂಡೆ. ಬಿಸಿಎ ಓದುವ ತಂಗಿಯ ಮಗಳು ಬಂದು ನೋಡಿ, "ಮಾವ, ಇದು ಹಳೆಯ ಆವೃತ್ತಿ, ಪೈಥಾನ್ 2ರ ಪುಸ್ತಕ. ಈಗ ಪ್ರಿಂಟ್‌ಗೆ ಬ್ರಾಕೆಟ್ ಹಾಕಬೇಕು" ಎಂದು ನಕ್ಕಳು.

ಪೈಥಾನ್ 3 ಬಂದಿದ್ದು 2008ರಲ್ಲಿ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವನ್ನೇ ನಿಲ್ಲಿಸಿದರು. ಪುಸ್ತಕ ಮಾತ್ರ ಕಪಾಟಿನಲ್ಲಿ ಹಾಗೇ ಕೂತಿದೆ. ಎರರ್ ಬಂದರೆ ಪರವಾಗಿಲ್ಲ, ಗೊತ್ತಾದರೂ ಆಗುತ್ತದೆ. ಆದರೆ ಎರರ್ ಬಾರದೆಯೇ ಉತ್ತರ ಬೇರೆಯಾಗುವುದೂ ಇದೆ. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯದು 3 ಅನ್ನುತ್ತದೆ, ಹೊಸದು 3.5 ಅನ್ನುತ್ತದೆ, ಎರಡೂ ತುಟಿಪಿಟಕ್ ಅನ್ನದೆ! ಏಳು ಚೀಲ ಕಾಫಿಯನ್ನು ಇಬ್ಬರಿಗೆ ಹಂಚುವಾಗ ಅರ್ಧ ಚೀಲ ಎಲ್ಲಿ ಹೋಯಿತು ಅಂತ ಯಾರನ್ನು ಕೇಳೋದು?

ಎಲ್ಲಾ ಇಂಟರ್‌ನೆಟ್ಟಿನಲ್ಲಿ ಇದೆಯಲ್ಲ ಅನ್ನುವವರು ಮಳೆಗಾಲದಲ್ಲಿ ಒಂದು ವಾರ ನಮ್ಮ ಕಡೆ ಬಂದು ಇರಲಿ. ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ವಿಡಿಯೋ ಸುತ್ತುತ್ತಲೇ ಇರುತ್ತದೆ. ನನಗೆ ಕೊನೆಗೆ ಕೈ ಹಿಡಿದದ್ದು ಪೈಥಾನ್‌ನವರದೇ ಅಧಿಕೃತ ಟ್ಯುಟೋರಿಯಲ್. ಪುಕ್ಕಟೆ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಮತ್ತೆ ನೆಟ್ ಬೇಡ. ಇಂಗ್ಲಿಷಿನಲ್ಲಿದೆ, ಏನೂ ಗೊತ್ತಿಲ್ಲದವರಿಗೆ ಸ್ವಲ್ಪ ಗಟ್ಟಿಯೇ, ಸುಳ್ಳು ಹೇಳುವುದಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅನ್ನೋ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಹೇಳಿಕೊಡುವ ಕಂಪ್ಯೂಟರ್ ವಿಡಿಯೋ ಪಾಠಗಳೂ ಇವೆ, ಚಿಕ್ಕಚಿಕ್ಕವು. ಆರಂಭಕ್ಕೆ ಸಾವಿರಗಟ್ಟಲೆ ಕೊಟ್ಟು ಕೋರ್ಸ್ ಸೇರುವ ಅಗತ್ಯ ನನಗಂತೂ ಕಾಣಲಿಲ್ಲ.

ಜಿಲ್ಲೆಯ ಗ್ರಂಥಾಲಯಗಳವರು ಕಂಪ್ಯೂಟರ್ ಪುಸ್ತಕಗಳನ್ನು ಒಮ್ಮೆ ತೆಗೆದು, ಯಾವ ವರ್ಷದ್ದು, ಯಾವ ಆವೃತ್ತಿಗೆ ಬರೆದದ್ದು ಅಂತ ನೋಡಲಿ. ಹಳೆಯದನ್ನು ಬೇರೆ ಇಡಲಿ. ಕಂಪ್ಯೂಟರ್ ಇರುವ ಕಡೆ ಪೈಥಾನ್‌ನವರ ಆ ಅಧಿಕೃತ ಟ್ಯುಟೋರಿಯಲ್ ಹಾಕಿಟ್ಟು, ಪೆನ್‌ಡ್ರೈವ್ ತಂದವರಿಗೆ ಕಾಪಿ ಮಾಡಿಕೊಡಲಿ. ಇದಕ್ಕೆ ಹೊಸದಾಗಿ ದುಡ್ಡೇನೂ ಬೇಕಿಲ್ಲ, ಅರ್ಧ ದಿನದ ಕೆಲಸ.

ನಾನಂತೂ ಆ ಪುಸ್ತಕ ವಾಪಸ್ ಕೊಡುವಾಗ ಮೊದಲ ಪುಟಕ್ಕೆ ಚೀಟಿ ಅಂಟಿಸಿದ್ದೇನೆ: "ಇದು ಪೈಥಾನ್ 2. ಹುಷಾರು."

ಇಂತಿ,
ನಿಮ್ಮ ಓದುಗ
ನಾಪೋಕ್ಲು, ಕೊಡಗು