ಡೊಂಗಲ್ ಯಾರ ಬಲ್ಲಿ ಅದ?

ಮಾನ್ಯ ಸಂಪಾದಕರೇ,

ಕಾಂಬೋಡಿಯಾದ ಪ್ರಧಾನಿ ಹುನ್ ಮಾನೆತ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ನಮ್ಮೂರ ಅರಿವು ಕೇಂದ್ರದಲ್ಲಿ ಕೂತು ಎರಡು ಸಲ ಓದಿದೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಕಲಿತವರು, ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್‌.ಡಿ ಪಡೆದವರು, ಆದ್ದರಿಂದ ನಿಧಾನಕ್ಕಾದರೂ ಸುಧಾರಣೆ ತಂದೇ ತರುತ್ತಾರೆ ಎಂದು ಲೇಖಕರು ಬರೆದಿದ್ದಾರೆ. ಆ ದೇಶದ ಜನಕ್ಕೆ ಒಳ್ಳೆಯದಾಗಲಿ ಎಂಬ ಆಸೆ ನನಗೂ ಇದೆ. ಆದರೆ ಓದಿನ ಮೇಲೆ ಅಷ್ಟು ಭಾರ ಹಾಕಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಪ್ಪ ಕೊಟ್ಟ ಕುರ್ಚಿಯಲ್ಲಿ ಅವರು ಕೂತ ಹಾಗೆ, ಮನೆಯವರು ಕೂಡಿಸಿದ ಕುರ್ಚಿಯಲ್ಲಿ ನಾನೂ ಕೂತವಳು.

2021ರ ಫೆಬ್ರುವರಿಯಲ್ಲಿ, ಶಹಾಪುರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಗೆ ಮಹಿಳಾ ಮೀಸಲಾತಿಯಡಿ ಅಧ್ಯಕ್ಷೆಯಾದೆ. ನಾನು ನಿಲ್ಲಬೇಕೆಂದು ತೀರ್ಮಾನಿಸಿದವರು ನನ್ನ ಯಜಮಾನರ ಅಣ್ಣ, ನಮ್ಮ ಭಾವ. ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ ನನ್ನ ಹೆಸರು ಬರೆಸಿದರು. ಅದರ ಮುಂದಿದ್ದ ಮೊಬೈಲ್ ನಂಬರು ಭಾವನದು. ತಾಲ್ಲೂಕು ಕಚೇರಿಯವರು ಕೇಳಲಿ, ಗುತ್ತಿಗೆದಾರರು ಕೇಳಲಿ, ಫೋನ್ ಹೋಗುತ್ತಿದ್ದುದು ಅವರಿಗೆ. ಬಿಲ್ ಪಾವತಿಗೆ ಅಧ್ಯಕ್ಷರ ಡಿಜಿಟಲ್ ಸಹಿ ಬೇಕಲ್ಲ, ಅದಕ್ಕೆ ಕಂಪ್ಯೂಟರಿಗೆ ಸಿಕ್ಕಿಸುವ ಡೊಂಗಲ್ ಹೆಬ್ಬೆರಳಿನಷ್ಟು ಉದ್ದದ್ದು. ಅದು ಭಾವನ ಬಿಳಿ ಅಂಗಿಯ ಜೇಬಿನಲ್ಲಿ, ಅಡಿಕೆ ಚೀಟಿನ ಜೊತೆ ಇರುತ್ತಿತ್ತು. ಆ ಮನೆಯಲ್ಲಿ ಬಿ.ಎ ಓದಿದ ಸೊಸೆ ನಾನೊಬ್ಬಳೇ. ಆ ಓದು ಹದಿನಾಲ್ಕು ತಿಂಗಳು ನನಗೆ ಡೊಂಗಲ್ ಕೊಡಿಸಲಿಲ್ಲ.

ಹೀಗಾಗಿ 2025ರ ಜೂನ್ ತಿಂಗಳ ಆ ಸುದ್ದಿ ನನ್ನ ಮನಸ್ಸಿಗೆ ನಾಟಿತು. ಗಡಿ ಜಗಳ ಬಿಸಿಯೇರಿದ್ದಾಗ ಥಾಯ್ಲೆಂಡಿನ ಪ್ರಧಾನಿ ಪೇತೊಂಗ್ತಾನ್ ಶಿನವತ್ರ ಅವರು ಗುಟ್ಟಾಗಿ ಮಾತಾಡಿದ್ದು ಹುನ್ ಮಾನೆತ್ ತಂದೆ ಹುನ್ ಸೇನ್ ಜೊತೆ, ಅದೂ ‘ಅಂಕಲ್’ ಎಂದು ಕರೆದು. ಆ ಮಾತು ಸೋರಿಕೆಯಾಗಿ ಕೊನೆಗೆ ಆಗಸ್ಟ್ 29ರಂದು ಕೋರ್ಟು ಆಕೆಯನ್ನು ಪದವಿಯಿಂದ ಇಳಿಸಿತು. ಆಕೆಯೂ ಮಾಜಿ ಪ್ರಧಾನಿ ತಕ್ಸಿನ್ ಅವರ ಮಗಳೇ. ಹುನ್ ಸೇನ್ ಆಗ ಪ್ರಧಾನಿಯಾಗಿರಲಿಲ್ಲ; ಸೆನೆಟ್ ಅಧ್ಯಕ್ಷರು, ಆಳುವ ಪಕ್ಷದ ಅಧ್ಯಕ್ಷರು. ಗುಂಡು ಹಾರುವ ಹೊತ್ತಿಗೆ ಯಾರಿಗೆ ಫೋನ್ ಹಚ್ಚಬೇಕು ಎಂಬುದು ಪಕ್ಕದ ದೇಶಕ್ಕೆ ಗೊತ್ತಿತ್ತು.

ಕಲಬುರಗಿಯಲ್ಲಿ ರಾಜ್ಯಶಾಸ್ತ್ರ ಎಂ.ಎ ಮಾಡುತ್ತಿರುವ ನನ್ನ ಮಗಳು ಹಿಂದಿನದನ್ನೆಲ್ಲ ಬಿಡಿಸಿ ಹೇಳಿದಳು. ಹುನ್ ಸೇನ್ ಪ್ರಧಾನಿಯಾದದ್ದು 1985ರಲ್ಲಿ. 1993ರಲ್ಲಿ ವಿಶ್ವಸಂಸ್ಥೆ ನಿಂತು ನಡೆಸಿದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 51 ಸ್ಥಾನ, ಎದುರಾಳಿಗೆ 58. ಆದರೂ ಕುರ್ಚಿ ಬಿಡಲಿಲ್ಲ, ಗೆದ್ದ ಪಕ್ಷದವರು ಮೊದಲನೇ ಪ್ರಧಾನಿಯಾದರೆ ಇವರು ‘ಎರಡನೇ ಪ್ರಧಾನಿ’ ಆದರು. 1997ರಲ್ಲಿ ಸೈನ್ಯದ ಬಲದಿಂದ ಮೊದಲನೆಯವರನ್ನು ಹೊರಗೆ ಹಾಕಿದರು. ಒಟ್ಟು 38 ವರ್ಷ ಆಳಿ 2023ರ ಆಗಸ್ಟ್ 22ರಂದು ಮಗನಿಗೆ ಕುರ್ಚಿ ಕೊಟ್ಟರು. ನನ್ನ ಮೂವತ್ತು ತಿಂಗಳ ಅವಧಿ ಮುಗಿದದ್ದೂ ಅದೇ ತಿಂಗಳು.

ಕೊಟ್ಟದ್ದು ಒಂದೇ ಕುರ್ಚಿಯೂ ಅಲ್ಲ. ರಕ್ಷಣಾ ಸಚಿವ ತೀಆ ಬಾನ್ ಇಳಿದರು, ಮಗ ತೀಆ ಸೀಹಾ ಬಂದರು. ಗೃಹ ಸಚಿವ ಸರ್ ಖೆಂಗ್ ಇಳಿದರು, ಮಗ ಸರ್ ಸೊಖಾ ಬಂದರು. ಹುನ್ ಮಾನೆತ್ ಅವರ ತಮ್ಮ ಹುನ್ ಮನಿ ಮರುವರ್ಷ ಉಪಪ್ರಧಾನಿ. ಪಾಲುದಾರಿಕೆ ಹೊಲವನ್ನು ಮಕ್ಕಳ ಹೆಸರಿಗೆ ಮಾಡಿದ ಹಾಗೆ ಇದು. ಒಬ್ಬ ಮಗ ಬದು ಸರಿಸಲು ಹೋದರೆ ಎಲ್ಲ ಅಪ್ಪಂದಿರೂ ಎದ್ದು ಬರುತ್ತಾರೆ. ಹುನ್ ಮಾನೆತ್ ಅವರ ಮನಸ್ಸಿನಲ್ಲಿ ಒಳ್ಳೆಯದೇ ಇರಬಹುದು. ನನ್ನ ಮನಸ್ಸಿನಲ್ಲೂ ಇತ್ತು.

ನನಗೆ ಡೊಂಗಲ್ ಸಿಕ್ಕಿದ್ದು ಹೇಗೆ ಎಂದು ಹೇಳುತ್ತೇನೆ. 2022ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಬೋರ್‌ವೆಲ್ ಮೋಟಾರು ಸುಟ್ಟಿತು. ಹಳೇ ಬಾಕಿ ಕೊಡದೆ ರಿಪೇರಿ ಮಾಡುವುದಿಲ್ಲ ಎಂದ ಮೆಕ್ಯಾನಿಕ್. ಭಾವ ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರು, ಡೊಂಗಲ್ ಅವರ ಜೇಬಿನಲ್ಲೇ ಹೋಗಿತ್ತು. ಐದು ದಿನ, ನಮ್ಮ ಯಾದಗಿರಿಯ ಆ ಬಿಸಿಲಿನಲ್ಲಿ, ಹೆಂಗಸರು ಹೊಲದ ಬಾವಿಯಿಂದ ಕೊಡ ಹೊತ್ತರು. ಮುಂದಿನ ಗ್ರಾಮಸಭೆಯಲ್ಲಿ, ನನ್ನ ಎದುರು ನಿಂತು ಹತ್ತೊಂಬತ್ತು ಮತದಿಂದ ಸೋತಿದ್ದ ಹೆಣ್ಣುಮಗಳು ಎದ್ದು ನಿಂತಳು. ‘ಅಧ್ಯಕ್ಷರೇ, ಡೊಂಗಲ್ ಯಾರ ಬಲ್ಲಿ ಅದ? ನಿಮ್ಮ ಬಲ್ಲಿ ಇದ್ರ ಕೈಯಾಗ ಹಿಡದು ತೋರಸ್ರಿ’ ಎಂದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಪಿಡಿಒ ತಲೆ ತಗ್ಗಿಸಿ ಠರಾವು ಪುಸ್ತಕ ತಿರುವಿದರು. ಸಭೆಯಲ್ಲಿ ಒಬ್ಬರೂ ನಗಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆಯಾಯಿತು.

ಅಂದು ರಾತ್ರಿ ಭಾವನನ್ನು ಕೇಳಿದೆ. ‘ನಿನಗ್ಯಾಕ ಬೇಕವ್ವ ಅದೆಲ್ಲ’ ಅಂದರು. ‘ಮಂದಿ ಮುಂದ ಕೇಳ್ಯಾರ್ರಿ ಭಾವ, ಮುಂದಿನ ಸಭಾದಾಗ ಮತ್ತ ಕೇಳ್ತಾರ್ರಿ’ ಎಂದೆ. ನಮ್ಮ ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಡೊಂಗಲ್ ದೇವರ ಜಗಲಿಯ ಮೇಲಿತ್ತು. ಭಾವ ಏನೂ ಹೇಳದೆ ಇಟ್ಟು ಹೋಗಿದ್ದರು. ಭಾವನ ಒಳ್ಳೆಯತನವೂ ನನ್ನ ಓದೂ ಅದನ್ನು ಅಲ್ಲಿಗೆ ತರಲಿಲ್ಲ. ಸೋತವಳಿಗೆ ಎದ್ದು ನಿಂತು ಕೇಳುವ ಹಕ್ಕಿತ್ತು, ಅದು ತಂದಿತು.

ಕಾಂಬೋಡಿಯಾದಲ್ಲಿ ಆ ಹೆಣ್ಣುಮಗಳನ್ನೇ ಸಭೆಯಿಂದ ಹೊರಗೆ ಹಾಕಿದ್ದಾರೆ. ನಮ್ಮ ಗ್ರಾಮ ಪಂಚಾಯಿತಿಯಂತೆ ಅಲ್ಲಿ ಕಮ್ಯೂನ್ ಎಂಬುದಿದೆ. 2017ರ ಜೂನ್‌ನಲ್ಲಿ 1,646 ಕಮ್ಯೂನ್‌ಗಳ ಪೈಕಿ 489ರಲ್ಲಿ ವಿರೋಧ ಪಕ್ಷ ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಅದರ ನಾಯಕ ಕೆಮ್ ಸೊಖಾ ಬಂಧನವಾಯಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಪಕ್ಷವನ್ನೇ ವಿಸರ್ಜಿಸಿತು. ಹಳ್ಳಿಗಳಲ್ಲಿ ಗೆದ್ದಿದ್ದ 5,007 ಸದಸ್ಯರು ಸ್ಥಾನ ಕಳೆದುಕೊಂಡರು, ಅವುಗಳಲ್ಲಿ ಹೆಚ್ಚಿನವು ಆಳುವ ಪಕ್ಷಕ್ಕೆ ಹೋದವು. ಮನೆಮನೆ ತಿರುಗಿ ಮತ ಕೇಳಿದವಳಾಗಿ ಈ 5,007ರ ಲೆಕ್ಕ ನನಗೆ ಸಂಸತ್ತಿನ ಲೆಕ್ಕಕ್ಕಿಂತ ಹೆಚ್ಚು ಸಂಕಟ ಕೊಡುತ್ತದೆ. ಮರುವರ್ಷ ಸಂಸತ್ತಿನ 125ಕ್ಕೆ 125 ಸ್ಥಾನವೂ ಆಳುವ ಪಕ್ಷಕ್ಕೇ. 2022ರಲ್ಲಿ ಕ್ಯಾಂಡಲ್‌ಲೈಟ್ ಎಂಬ ವಿರೋಧ ಪಕ್ಷ ಹೇಗೋ ತಲೆಯೆತ್ತಿ 1,652ರಲ್ಲಿ ನಾಲ್ಕು ಕಮ್ಯೂನ್ ಹಿಡಿಯಿತು. 2023ರಲ್ಲಿ ನೋಂದಣಿಯ ಮೂಲಪತ್ರ ಇಲ್ಲವೆಂದು ಅದಕ್ಕೂ ಸ್ಪರ್ಧೆಯ ಅವಕಾಶ ತಪ್ಪಿಸಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಕೆಮ್ ಸೊಖಾಗೆ 27 ವರ್ಷದ ಶಿಕ್ಷೆ, ಗೃಹಬಂಧನ. ಮಗ ಪ್ರಧಾನಿಯಾದದ್ದು ಇಷ್ಟೆಲ್ಲ ಮುಗಿದ ಮೇಲೆ.

ನಮ್ಮಲ್ಲೂ ಅಪ್ಪನ ಕ್ಷೇತ್ರಕ್ಕೆ ಮಗ ಬರುತ್ತಾನಲ್ಲ ಎಂದು ಓದುಗರು ಕೇಳಬಹುದು. ಬರುತ್ತಾರೆ, ಅದು ನನಗೆ ಹಿಡಿಸುವುದೂ ಇಲ್ಲ. ಆದರೆ ಎದುರು ನಿಲ್ಲುವವರ ನಾಮಪತ್ರವೂ ಸ್ವೀಕಾರವಾಗುತ್ತದೆ, ದೊಡ್ಡ ಮನೆತನದ ಮಕ್ಕಳೂ ಸೋತು ಮನೆಗೆ ಹೋಗಿದ್ದಾರೆ.

ಐದು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಅಲ್ಲಿನ ಕಮ್ಯೂನ್ ಚುನಾವಣೆ 2027ಕ್ಕೆ ಬರುತ್ತದೆ. ಹುನ್ ಮಾನೆತ್ ಆಗ ಯಾವ ಭಾಷಣ ಮಾಡಿದರು ಎಂಬುದಕ್ಕಿಂತ, ಎಷ್ಟು ಕಮ್ಯೂನ್‌ಗಳಲ್ಲಿ ಎದುರಾಳಿಗಳ ನಾಮಪತ್ರ ಉಳಿಯಿತು, ಗೆದ್ದವರು ಆರು ತಿಂಗಳಾದ ಮೇಲೂ ತಮ್ಮ ಜಾಗದಲ್ಲಿದ್ದಾರೆಯೇ ಎಂಬ ಸುದ್ದಿಯನ್ನು ಒಂದು ಮೂಲೆಯಲ್ಲಾದರೂ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಅರಿವು ಕೇಂದ್ರಕ್ಕೆ ನಿಮ್ಮ ಪತ್ರಿಕೆ ಹತ್ತು ಗಂಟೆಗೆ ಬರುತ್ತದೆ, ಓದಿಯೇ ಹೊಲಕ್ಕೆ ಹೋಗುತ್ತೇನೆ.

– ಗ್ರಾಮ ಪಂಚಾಯಿತಿ ಮಾಜಿ ಅಧ್ಯಕ್ಷೆ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ